ಮಗನ ಶಾಲೆಯವರ ಮೇಲಿನ ಕೇಸು ವಜಾ ಆಯ್ತು. ಅಪೀಲಿಗೆ ಹೋಗಬೇಕಾ? ಉಳಿದಿರೋದು 11 ದಿನ

ಓಹಾಯೋ_ಅಪ್ಪ
ಎಲ್ಲರಿಗೂ ನಮಸ್ಕಾರ. ನಾವು ಚಿಕ್ಕಮಗಳೂರು ಕಡೆಯವರು, ಓಹಾಯೋದಲ್ಲಿ 14 ವರ್ಷದಿಂದ ಇದೀವಿ. ಮಗನಿಗೆ ಈಗ 16.

ಅವನು ಒಂಬತ್ತನೇ ಕ್ಲಾಸಲ್ಲಿದ್ದಾಗ ನಾಲ್ಕೈದು ಹುಡುಗರು ಬಣ್ಣದ ಬಗ್ಗೆ, ಊಟದ ಡಬ್ಬಿ ವಾಸನೆ ಬಗ್ಗೆ, "ನಿಮ್ಮ ದೇಶಕ್ಕೆ ಹೋಗು" ಅಂತ ದಿನಾ ಕಾಡ್ತಿದ್ರು. ಒಂದೂವರೆ ವರ್ಷದಲ್ಲಿ ಪ್ರಿನ್ಸಿಪಾಲರಿಗೆ 11 ಇಮೇಲ್ ಬರೆದೆ. ಪ್ರತಿ ಸಲವೂ "ಗಮನಿಸುತ್ತೇವೆ" ಅನ್ನೋ ಒಂದೇ ಉತ್ತರ. ಕೊನೆಗೆ ಒಂದು ರಾತ್ರಿ ಅವನು ಮನೆಯಲ್ಲಿ ಕೂತು, ತನ್ನ ಫೋನಿಂದ, ಶಾಲೆ ಏನೂ ಮಾಡಲಿಲ್ಲ ಅಂತ ಇನ್‌ಸ್ಟಾಗ್ರಾಮಲ್ಲಿ ಬರೆದ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಮರುದಿನ ಬೆಳಿಗ್ಗೆ ವೈಸ್ ಪ್ರಿನ್ಸಿಪಾಲರು ಆಫೀಸಿಗೆ ಕರೆಸಿ 8 ದಿನದ ಸಸ್ಪೆನ್ಷನ್ ಕಾಗದ ಕೈಗಿಟ್ಟರು.

ವಕೀಲರನ್ನ ಹಿಡಿದು ಫೆಡರಲ್ ಕೋರ್ಟಲ್ಲಿ ಕೇಸು ಹಾಕಿದ್ವಿ. ಶಾಲಾ ಜಿಲ್ಲೆಯ ಮೇಲೆ ಟೈಟಲ್ 6 (ಫೆಡರಲ್ ಹಣ ಪಡೆಯೋ ಸಂಸ್ಥೆಗಳಲ್ಲಿ ಜನಾಂಗ ತಾರತಮ್ಯ ತಡೆಯೋ ಕಾನೂನು), ಅಧಿಕಾರಿಗಳ ಮೇಲೆ ಸೆಕ್ಷನ್ 1983 (ಸಂವಿಧಾನದ ಹಕ್ಕು ಮುರಿದ ಅಧಿಕಾರಿಗಳ ಮೇಲೆ ಕೇಸು ಹಾಕೋಕೆ ಬಿಡೋ ಕಾನೂನು). ಸಾಕ್ಷಿ ವಿಚಾರಣೆಗೆ ಬರೋಕೆ ಮುಂಚೆಯೇ ಎಲ್ಲ ವಜಾ. ಜನಾಂಗದ ವಿಷಯಕ್ಕೆ "ಹೇಳಿರುವ ಸಂಗತಿಗಳು ಸಾಲವು" ಅಂದ್ರು. ಸಸ್ಪೆನ್ಷನ್ ವಿಷಯಕ್ಕೆ ಕ್ವಾಲಿಫೈಡ್ ಇಮ್ಯೂನಿಟಿ, ಅಂದ್ರೆ ಆ ಹಕ್ಕು ಆಗ ಸ್ಪಷ್ಟವಾಗಿ ಸ್ಥಾಪಿತವಾಗಿರದಿದ್ರೆ ಅಧಿಕಾರಿಗಳ ಮೇಲೆ ಕೇಸು ನಡೆಯಲ್ಲ ಅನ್ನೋ ರಕ್ಷಣೆ. ನಮ್ಮ ವಕೀಲರು ಒಳ್ಳೆಯವರು, ಆದ್ರೆ "ನಾನು ಅಪೀಲು ಮಾಡುವವನಲ್ಲ" ಅಂತಿದಾರೆ. ತೀರ್ಪು ಬಂದು 19 ದಿನ ಆಯ್ತು. ಹೆಂಡತಿ ಸಾಕು ಬಿಡಿ ಅಂತಾಳೆ. ನನಗೆ ರಾತ್ರಿ ನಿದ್ದೆ ಬರ್ತಿಲ್ಲ. ಏನ್ ಮಾಡಲಿ?

ಹಾಸನದ_ಹೇಮಾ
ಅಯ್ಯೋ, ಓದಿ ಹೊಟ್ಟೆ ಉರೀತು. ಮಗು ಹೇಗಿದಾನೆ ಈಗ? ಅದನ್ನ ಮೊದಲು ಹೇಳಿ.

ಓಹಾಯೋ_ಅಪ್ಪ
@ಹೇಮಾ ಶಾಲೆ ಬದಲಾಯಿಸಿದೀವಿ ಅಕ್ಕ. ಈಗ ಪರವಾಗಿಲ್ಲ. ಆದ್ರೆ ಊಟದ ಡಬ್ಬಿ ತಗೊಂಡು ಹೋಗೋದು ಪೂರ್ತಿ ಬಿಟ್ಟುಬಿಟ್ಟ.

ತುಂಗಾ_ದಡ
ನಾನು ಇಲ್ಲಿ ಲಾ ಆಫೀಸೊಂದರಲ್ಲಿ ಪ್ಯಾರಾಲೀಗಲ್, ವಕೀಲೆ ಅಲ್ಲ. ಮೊದಲನೇ ಮಾತು: ಉಳಿದದ್ದನ್ನೆಲ್ಲ ಆಮೇಲೆ ಯೋಚಿಸಿ, ಮೊದಲು ನೋಟಿಸ್ ಆಫ್ ಅಪೀಲ್ ಹಾಕಿಸಿ. ತೀರ್ಪು ಕೋರ್ಟಿನ ದಾಖಲೆ ಪಟ್ಟಿಯಾದ ಡಾಕೆಟ್‌ನಲ್ಲಿ ದಾಖಲಾದ ದಿನದಿಂದ 30 ದಿನ. ನಿಮಗೆ ಅಂಚೆಯಲ್ಲಿ ಬಂದ ದಿನದಿಂದ ಅಲ್ಲ, ವಕೀಲರು ಫೋನ್ ಮಾಡಿದ ದಿನದಿಂದಲೂ ಅಲ್ಲ. ಅಮೆರಿಕ ಸರ್ಕಾರವೇ ಕಕ್ಷಿ ಆಗಿದ್ರೆ 60 ದಿನ ಸಿಗ್ತಿತ್ತು. ಶಾಲೆಯವರು ಫೆಡರಲ್ ಸರ್ಕಾರದವರಲ್ಲ, ಹಾಗಾಗಿ 30.

ನೋಟಿಸ್ ಅಂದ್ರೆ ದೊಡ್ಡ ಗ್ರಂಥ ಅಲ್ಲ, ಒಂದು ಪುಟ. ಯಾರು ಅಪೀಲು ಹೋಗ್ತಿದಾರೆ, ಯಾವ ತೀರ್ಪಿನ ಮೇಲೆ, ಯಾವ ಕೋರ್ಟಿಗೆ. ಅಷ್ಟೇ. ವಾದ ಏನೂ ಬರೆಯೋ ಹಾಗಿಲ್ಲ. ಅದನ್ನ ಹಾಕಬೇಕಾದ್ದು ಕೇಸು ಸೋತ ಜಿಲ್ಲಾ ಕೋರ್ಟಿನಲ್ಲೇ. ಶುಲ್ಕ 605 ಡಾಲರ್. ನಿಮ್ಮ ವಕೀಲರು ಅಪೀಲು ವಾದ ಮಾಡದೇ ಇದ್ರೂ ಈ ಒಂದು ಪುಟ ಹಾಕಿಕೊಡಬಹುದು, ಕೊಡಲೇಬೇಕು.

ವಕೀಲ_ಹುಬ್ಬಳ್ಳಿ
ನಮಸ್ಕಾರ್ರೀ. ನಾ ಧಾರವಾಡ ಹೈಕೋರ್ಟ್ ಪೀಠದಾಗ ಪ್ರಾಕ್ಟೀಸ್ ಮಾಡಾಂವ. 30 ದಿನ ದಾಟಿದ್ರ ಏನಾತು, ವಿಳಂಬ ಮನ್ನಾ ಅರ್ಜಿ ಹಾಕ್ರಿ. ನಮ್ಮಲ್ಲಿ ಲಿಮಿಟೇಶನ್ ಕಾಯ್ದೆ ಸೆಕ್ಷನ್ 5 ಅದ, ಸಕಾರಣ ಇದ್ರ ವರ್ಷಗಟ್ಟಲೆ ತಡ ಆದದ್ದನ್ನೂ ಮಾಫಿ ಮಾಡ್ಯಾರ. ಇಷ್ಟ್ಯಾಕ ಗಾಬರಿ?

ತುಂಗಾ_ದಡ
@ವಕೀಲ_ಹುಬ್ಬಳ್ಳಿ ಸರ್, ದಯವಿಟ್ಟು ಅವರಿಗೆ ಆ ಧೈರ್ಯ ಕೊಡಬೇಡಿ. ಇಲ್ಲಿ ಹಾಗೆ ನಡೆಯಲ್ಲ. ಗಡುವು ಮುಗಿದ ಮೇಲೆ ಇನ್ನೊಂದು 30 ದಿನದೊಳಗೆ ಜಿಲ್ಲಾ ಕೋರ್ಟಲ್ಲಿ ಅರ್ಜಿ ಹಾಕಿ, ಕ್ಷಮಿಸಬಹುದಾದ ತಪ್ಪು ಅಂತಲೋ ಸಕಾರಣ ಇತ್ತು ಅಂತಲೋ ತೋರಿಸಿದ್ರೆ ಸ್ವಲ್ಪ ಕಾಲ ಸಿಗಬಹುದು. ಅದೂ ದಾಟಿದ್ರೆ ಬಾಗಿಲು ಮುಚ್ಚಿದ ಹಾಗೆ.

2007ರ ಬೌಲ್ಸ್ ವಿರುದ್ಧ ರಸೆಲ್ ಓದಿ. ಅದೂ ಓಹಾಯೋದ ಕೇಸೇ, ಒಬ್ಬ ಕೈದಿಯದು. ನಿಯಮದ ಪ್ರಕಾರ 14 ದಿನ ಕೊಡಬೇಕಿದ್ದ ಜಡ್ಜು ತಪ್ಪಾಗಿ 17 ದಿನ ಅಂತ ಬರೆದುಬಿಟ್ಟರು. ಅವನ ವಕೀಲರು ಆ ಮಾತು ನಂಬಿ 16ನೇ ದಿನ ಹಾಕಿದ್ರು. ಸುಪ್ರೀಂ ಕೋರ್ಟು 5-4ರಲ್ಲಿ ತಡವಾಯ್ತು ಅಂತಲೇ ಹೇಳ್ತು. ಜಡ್ಜೇ ತಪ್ಪು ಹೇಳಿದ್ರೂ ಉಳಿಗಾಲ ಇಲ್ಲ. ನಿಮಗೆ ಕಾನೂನು ಗೊತ್ತು ಸರ್, ಆದ್ರೆ ಈ ದೇಶದ ಗಡಿಯಾರ ಬೇರೆ.

ವಕೀಲ_ಹುಬ್ಬಳ್ಳಿ
ಹೌದೇನ್ರೀ! ಜಡ್ಜ್ ಹೇಳಿದ್ ದಿನಾನ ನಂಬಿ ಬಂದಾಂವಗ ಹೀಗಾ? ನಮ್ಮಲ್ಲಾದ್ರ ಇದನ್ನ ಯಾವ ಪೀಠಾನೂ ಒಪ್ತಿದ್ದಿಲ್ಲ. ಆದ್ರ ತಿದ್ದಿದ್ದಕ್ಕ ಥ್ಯಾಂಕ್ಸ್. ಓಹಾಯೋ ಅಪ್ಪಾ, ಈ ತಾಯಿ ಹೇಳಿದ್ಹಂಗ ಮಾಡ್ರಿ, ನನ್ ಮಾತು ಬಿಡ್ರಿ.

ಅನುಭವಿ_ನ್ಯೂಜೆರ್ಸಿ
ಯಾರಿಗೂ ಬೇಸರ ಆಗದೇ ಇರಲಿ, ಆದ್ರೆ ನಾನು ವಿರುದ್ಧ ಹೇಳ್ತೀನಿ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಹುಡುಗ ಶಾಲೆ ಬದಲಾಯಿಸಿದಾನೆ, ಚೆನ್ನಾಗಿದಾನೆ. ಇನ್ನೆರಡು ವರ್ಷಕ್ಕೆ ಕಾಲೇಜು. ಆ ದುಡ್ಡು ಅವನ ಓದಿಗೆ ಇಡಿ. ಸೋತ್ರೆ ಎದುರಿನವರ ವಕೀಲರ ಫೀಸೂ ನಿಮ್ಮ ತಲೆಗೆ ಬರುತ್ತೆ.

ತುಂಗಾ_ದಡ
@ಅನುಭವಿ ಫೀಸಿನ ಮಾತು ತಪ್ಪು. ನಾಗರಿಕ ಹಕ್ಕಿನ ಕೇಸಲ್ಲಿ ಗೆದ್ದ ವಾದಿಗೆ ವಕೀಲರ ಫೀಸು ಕೊಡಿಸೋ ಕಾನೂನಿದೆ, ಸೆಕ್ಷನ್ 1988. ಗೆದ್ದ ಪ್ರತಿವಾದಿಗೆ ಅದು ಸಿಗೋದು ಕೇಸಿಗೆ ಬುಡವೇ ಇಲ್ಲದಿದ್ದಾಗ ಮಾತ್ರ. 1978ರಲ್ಲೇ ಸುಪ್ರೀಂ ಕೋರ್ಟು ಕ್ರಿಶ್ಚಿಯನ್ಸ್‌ಬರ್ಗ್ ಕೇಸಲ್ಲಿ ಈ ಅಳತೆ ಹಾಕಿದೆ. ಅಪೀಲಲ್ಲಿ ಸೋತ್ರೆ ಸಣ್ಣಪುಟ್ಟ ಖರ್ಚು ಬರಬಹುದು. ಈ ಹೆದರಿಕೆಗೇ ಎಷ್ಟೋ ಅಪ್ಪ ಅಮ್ಮಂದಿರು ಹಿಂದೆ ಸರೀತಾರೆ, ಅದಕ್ಕೇ ಒತ್ತಿ ಹೇಳ್ತಿದೀನಿ.

ಕುಡ್ಲದ_ಕಡಲು
ಎಂತ ಮಾರಾಯ್ರೇ, ದುಡ್ಡಿನ ಲೆಕ್ಕ ಮಾತ್ರವಾ? ಆ ಹುಡುಗ ತನ್ನ ಮನೆಯಲ್ಲಿ ಕೂತು ಸತ್ಯ ಬರೆದದ್ದಕ್ಕೆ 8 ದಿನ ಶಾಲೆಯಿಂದ ಹೊರಗೆ. ಅದು ಅವನ ರೆಕಾರ್ಡಿನಲ್ಲಿ ಹಾಗೇ ಉಂಟು. ಕಾಲೇಜಿಗೆ ಅರ್ಜಿ ಹಾಕುವಾಗ ಕೇಳಿದರೆ ಎಂತ ಹೇಳುವುದು?

ನಿವೃತ್ತ_ಮೇಷ್ಟ್ರು
ನಾನು ಶಿವಮೊಗ್ಗ ಜಿಲ್ಲೆಯಲ್ಲಿ 34 ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡಿದವನು. ಈಗ ಮಗಳ ಮನೆಯಲ್ಲಿ, ಮಿಷಿಗನ್‌ನಲ್ಲಿ ಇದ್ದೇನೆ. ಮೇಷ್ಟ್ರ ಕಡೆಯಿಂದ ಒಂದು ಮಾತು ಹೇಳಲೇಬೇಕು. ಸಾವಿರಾರು ಮಕ್ಕಳಿರುವ ಶಾಲೆಯಲ್ಲಿ ಯಾರು ಯಾರಿಗೆ ಏನೆಂದರು ಎಂದು ಹಿಡಿಯುವುದು ಕಷ್ಟ. ಒಪ್ಪುತ್ತೇನೆ. ಆದರೆ 11 ಪತ್ರ ಬಂದ ಮೇಲೂ ಆ ಹುಡುಗರನ್ನು ಕರೆದು ಕೂರಿಸದ ಮುಖ್ಯಸ್ಥ, ಒಂದು ಪೋಸ್ಟ್ ಬಂದ ಮರುದಿನವೇ ಹುಡುಗನನ್ನು ಕರೆಸಿದರೆ, ಅಲ್ಲಿ ಕಷ್ಟದ ಮಾತು ಬರುವುದಿಲ್ಲ. ಮನಸ್ಸಿದ್ದರೆ ಒಂದೇ ದಿನದಲ್ಲಿ ಕೆಲಸ ಆಗುತ್ತದೆ ಎಂದು ಅವರೇ ತೋರಿಸಿಕೊಟ್ಟಿದ್ದಾರೆ.

ಬೆಣ್ಣೆದೋಸೆ_ದಾವಣಗೆರೆ
ಮೇಷ್ಟ್ರೇ, ಕೊನೆಯ ಸಾಲು ಹಾಗೇ ಬ್ರೀಫಲ್ಲಿ (ಕೋರ್ಟಿಗೆ ಕೊಡೋ ಲಿಖಿತ ವಾದದಲ್ಲಿ) ಹಾಕಬೇಕು.

ಕಾನೂನು_ವಿದ್ಯಾರ್ಥಿ_ಮಂಡ್ಯ
ನಾನು ಇಲ್ಲಿ ಲಾ ಸ್ಕೂಲಲ್ಲಿ ಮೂರನೇ ವರ್ಷ. ಅಂಕಲ್, ತೀರ್ಪು ನೋಡಿ ಕುಗ್ಗಬೇಡಿ. ಸಾಕ್ಷಿಗೆ ಮುಂಚೆ ವಜಾ ಆದ ಕೇಸಿನ ಅಪೀಲಲ್ಲಿ ಮೂವರು ಜಡ್ಜುಗಳು ಕೆಳಗಿನ ಕೋರ್ಟಿನ ಅಭಿಪ್ರಾಯಕ್ಕೆ ಯಾವ ಮರ್ಯಾದೆಯನ್ನೂ ಕೊಡಬೇಕಿಲ್ಲ, ಮೊದಲಿಂದ ತಾವೇ ನೋಡ್ತಾರೆ. ನೀವು ಕೋರ್ಟಿಗೆ ಕೊಟ್ಟ ದೂರಿನಲ್ಲಿ ಬರೆದ ಸಂಗತಿಗಳೆಲ್ಲ ನಿಜ ಅಂತಲೇ ಇಟ್ಟುಕೊಂಡು, ಇಷ್ಟು ನಿಜವಾದ್ರೆ ಹಕ್ಕು ಮುರಿದಂತೆ ಆಗುತ್ತಾ ಅಂತ ಕೇಳ್ತಾರೆ. 2007ರ ಟ್ವಾಂಬ್ಲಿ, 2009ರ ಇಕ್ಬಾಲ್ ಅನ್ನೋ ಸುಪ್ರೀಂ ಕೋರ್ಟ್ ತೀರ್ಪುಗಳು ಬಂದ ಮೇಲೆ ಬರೀ ಆರೋಪ ಸಾಲದು, ನಂಬಬಹುದಾದಷ್ಟು ಸಂಗತಿ ಇರಬೇಕು. ನಿಮ್ಮಲ್ಲಿ ತಾರೀಖು ಸಮೇತ 11 ಇಮೇಲ್ ಇದೆ.

ಶಾಲೆ ಕೇಸುಗಳ ತಾಯಿಬೇರೇ ವಜಾ ಆದ ಕೇಸು. 1965ರ ಡಿಸೆಂಬರಲ್ಲಿ ಅಯೋವಾದ ಡೆ ಮಾಯ್ನ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದ ಮಕ್ಕಳನ್ನ ಸಸ್ಪೆಂಡ್ ಮಾಡಿದ್ರು. ಮೇರಿ ಬೆತ್ ಟಿಂಕರ್‌ಗೆ ಆಗ 13 ವರ್ಷ. ಜಿಲ್ಲಾ ಕೋರ್ಟು ವಜಾ ಮಾಡ್ತು. ಅಪೀಲು ಕೋರ್ಟಲ್ಲಿ ಜಡ್ಜುಗಳು ಸಮಸಮ ಒಡೆದ್ರು, ಹಾಗಾಗಿ ವಜಾನೇ ಉಳೀತು. 1969ರಲ್ಲಿ ಸುಪ್ರೀಂ ಕೋರ್ಟು 7-2ರಲ್ಲಿ ಮಕ್ಕಳ ಪರ ನಿಂತಿತು. ಮೊದಲ ಸೋಲಿಗೇ ಅವರಪ್ಪ ಅಮ್ಮ ಮನೆಗೆ ಹೋಗಿದ್ರೆ?

ತುಂಗಾ_ದಡ
ಚಿಕ್ಕ ತಿದ್ದುಪಡಿ: ಟಿಂಕರ್‌ನಲ್ಲಿ ಸಾಕ್ಷಿ ವಿಚಾರಣೆ ನಡೆಸಿ ಆಮೇಲೆ ವಜಾ ಮಾಡಿದ್ದು. ಇವರ ಹಾಗೆ ಹೊಸ್ತಿಲಲ್ಲೇ ಅಲ್ಲ. ಇವರಿಗೆ ಹತ್ತಿರದ್ದು 1999ರ ಡೇವಿಸ್ ಕೇಸು. ಜಾರ್ಜಿಯಾದಲ್ಲಿ ಐದನೇ ಕ್ಲಾಸಿನ ಹುಡುಗಿಗೆ ಸಹಪಾಠಿಯಿಂದ ಕಿರುಕುಳ, ತಾಯಿ ಹೇಳಿ ಹೇಳಿ ಸೋತರು. ಕೇಸು ಹೊಸ್ತಿಲಲ್ಲೇ ವಜಾ, ಅಪೀಲಲ್ಲೂ ಸೋಲು. ಸುಪ್ರೀಂ ಕೋರ್ಟಲ್ಲಿ 5-4ರಲ್ಲಿ ಗೆಲುವು. ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡ ಶಾಲಾ ಮಂಡಳಿ ಹೊಣೆ ಅಂತ ಬಂದದ್ದು ಅಲ್ಲಿಂದ. ಅದು ಲಿಂಗ ತಾರತಮ್ಯದ ಟೈಟಲ್ 9. ಅದೇ ಅಳತೆಯನ್ನ ಜನಾಂಗದ ಕಿರುಕುಳಕ್ಕೆ, ಟೈಟಲ್ 6ಕ್ಕೂ ಹಚ್ಚಿದಾರೆ. ನ್ಯೂಯಾರ್ಕಿನ ಪೈನ್ ಪ್ಲೇನ್ಸ್ ಶಾಲಾ ಜಿಲ್ಲೆ ಕೇಸಲ್ಲಿ 2012ರಲ್ಲಿ ಸೆಕೆಂಡ್ ಸರ್ಕ್ಯೂಟು (ಆ ಭಾಗದ ಫೆಡರಲ್ ಅಪೀಲು ಕೋರ್ಟು) 10 ಲಕ್ಷ ಡಾಲರ್ ಪರಿಹಾರವನ್ನ ಎತ್ತಿಹಿಡೀತು. ಅಲ್ಲಿ ಶಾಲೆ ಏನೂ ಮಾಡಲಿಲ್ಲ ಅಂತಲ್ಲ. ಮಾಡಿದ್ದು ಕೆಲಸಕ್ಕೆ ಬರ್ತಿಲ್ಲ ಅಂತ ಗೊತ್ತಾದ ಮೇಲೂ ಅದನ್ನೇ ಮಾಡ್ತಿದ್ರು. ಆದ್ರೆ ಅದು ಬೇರೆ ಸರ್ಕ್ಯೂಟು, ನಿಮ್ಮದು ಸಿನ್ಸಿನಾಟಿಯ ಸಿಕ್ಸ್ತ್ ಸರ್ಕ್ಯೂಟು. ಅವರನ್ನ ಕಟ್ಟಿಹಾಕಲ್ಲ, ಒಪ್ಪಿಸೋಕೆ ಬಳಸಬಹುದು.

ಓಹಾಯೋ_ಅಪ್ಪ
ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ. ಒಂದು, ಕೇಸು ಹಾಕಿದ ಮೇಲೆ ಹಳೇ ಫೋನಲ್ಲಿ ಇನ್ನೂ 3 ಮೆಸೇಜ್ ಸಿಕ್ಕಿವೆ, ಅವನ್ನ ಅಪೀಲಲ್ಲಿ ಹಾಕಬಹುದಾ? ಎರಡು, ವಕೀಲರು ಸಿಗದಿದ್ರೆ ನಾನೇ ವಾದ ಮಾಡಬಹುದಾ?

ಕಾನೂನು_ವಿದ್ಯಾರ್ಥಿ_ಮಂಡ್ಯ
ಒಂದನೇದಕ್ಕೆ: ಇಲ್ಲ. ಅಪೀಲಲ್ಲಿ ಹೊಸ ಸಾಕ್ಷಿ ಇಲ್ಲ, ಕೆಳಗೆ ಎತ್ತದ ಹೊಸ ವಾದವೂ ಸಾಮಾನ್ಯವಾಗಿ ಇಲ್ಲ. ಕೆಳಗಿನ ಕಡತದಲ್ಲಿ ಏನಿತ್ತೋ ಅದೇ.

ಬೆಂಗಳೂರು_ಟು_ಡಲಾಸ್
ಹಾಗಾದ್ರೆ ಮೊದಲು ಅದೇ ಜಡ್ಜಿಗೆ ಮರುಪರಿಶೀಲನೆ ಅರ್ಜಿ ಹಾಕಿ, ಮೆಸೇಜ್ ತೋರಿಸಿ. ರೂಲ್ 59. ನಾನು ನನ್ನ ಒಂದು ವ್ಯವಹಾರದ ಕೇಸಲ್ಲಿ ಹಾಕಿದ್ದೆ. ಅದು ಇತ್ಯರ್ಥ ಆಗೋವರೆಗೂ 30 ದಿನದ ಗಡಿಯಾರ ನಿಂತಿರುತ್ತೆ.

ತುಂಗಾ_ದಡ
ನಿಲ್ಲುತ್ತೆ, ಆದ್ರೆ 28 ದಿನದೊಳಗೆ ಹಾಕಿದ್ರೆ ಮಾತ್ರ. 29ನೇ ದಿನ ಹಾಕಿದ್ರೆ ಗಡಿಯಾರ ನಿಲ್ಲಲ್ಲ, ಆ 28ನ್ನ ವಿಸ್ತರಿಸೋ ಅಧಿಕಾರ ಜಡ್ಜಿಗೂ ಇಲ್ಲ. ಕೈಯಲ್ಲಿ 9 ದಿನ ಇದೆ. ತೀರ್ಪು ಬಂದ ಮೇಲೆ ದೂರು ತಿದ್ದೋಕೆ ಸಿಕ್ಸ್ತ್ ಸರ್ಕ್ಯೂಟಲ್ಲಿ ಮಾನದಂಡ ಬಹಳ ಬಿಗಿ, ಮೊದಲೇ ಯಾಕೆ ತರಲಿಲ್ಲ ಅಂತ ಕೇಳ್ತಾರೆ. ಹಳೇ ಫೋನಲ್ಲಿ ಇತ್ತು ಅನ್ನೋದು ಒಳ್ಳೆ ಉತ್ತರ ಅಂತ ನನಗನ್ನಿಸಲ್ಲ.

ಎರಡನೇದು ಗಂಭೀರ. ನೀವು ನಿಮ್ಮ ಪರ ವಾದ ಮಾಡಬಹುದು. ಮಗನ ಪರ ಮಾಡೋ ಹಾಗಿಲ್ಲ. ಹಕ್ಕು ಮಗನದು, ನೀವು ವಕೀಲರಲ್ಲ. ಸಿಕ್ಸ್ತ್ ಸರ್ಕ್ಯೂಟು 2002ರಲ್ಲೇ ಇದನ್ನ ಸ್ಪಷ್ಟವಾಗಿ ಹೇಳಿದೆ. ಆದ್ರೆ ಒಂದು ಸಣ್ಣ ಕಿಂಡಿ ಇದೆ: ಅಪೀಲು ನಿಯಮ 3ರ ಪ್ರಕಾರ, ವಕೀಲರಿಲ್ಲದೆ ತಂದೆಯೋ ತಾಯಿಯೋ ಸಹಿ ಹಾಕಿದ ನೋಟಿಸು, ಕಕ್ಷಿಗಳಾಗಿರೋ ಸಂಗಾತಿ ಮತ್ತು ಅಪ್ರಾಪ್ತ ಮಕ್ಕಳ ಪರವಾಗಿಯೂ ಹಾಕಿದ ಹಾಗೇ ಲೆಕ್ಕ. ಅಂದ್ರೆ ಯಾರೂ ಸಿಗದಿದ್ರೆ 30ನೇ ದಿನ ನೀವೇ ಸಹಿ ಹಾಕಿ ಗಡುವು ಉಳಿಸಬಹುದು. ಬ್ರೀಫ್ ಬರೆಯೋ ಹೊತ್ತಿಗೆ ಮಗನಿಗೆ ವಕೀಲರು ಬೇಕೇ ಬೇಕು.

ಇನ್ನೊಂದು: ನೋಟಿಸಲ್ಲಿ ಎಲ್ಲರ ಹೆಸರೂ ಬರೆಸಿ. 1988ರ ಟಾರಸ್ ಕೇಸಲ್ಲಿ 16 ಜನರ ಪೈಕಿ ಒಬ್ಬನ ಹೆಸರು ಗುಮಾಸ್ತೆಯ ಕೈತಪ್ಪಿನಿಂದ ಬಿಟ್ಟುಹೋಗಿ ಅವನೊಬ್ಬನ ಅಪೀಲು ಹೋಯ್ತು. ಆಮೇಲೆ ನಿಯಮ ಸಡಿಲ ಮಾಡಿದ್ರು, ಆದ್ರೂ ಎಲ್ಲ ಹೆಸರು ಬರೆಯೋಕೆ ಏನು ಕಷ್ಟ?

ಹಾಸನದ_ಹೇಮಾ
ಸ್ವಲ್ಪ ವಿಷಯಾಂತರ, ಕ್ಷಮಿಸಿ. ನನ್ನ ಮಗಳೂ ಎರಡನೇ ಕ್ಲಾಸಲ್ಲಿ "ಅಮ್ಮ, ಚಿತ್ರಾನ್ನ ಬೇಡ, ಬ್ರೆಡ್ ಹಾಕು" ಅಂದಳು. ಯಾಕೆ ಅಂದ್ರೆ ಹೇಳಲೇ ಇಲ್ಲ. ನಾನು ಹಟ ಅಂದುಕೊಂಡು ಬೈದೆ. ಮೂರು ವರ್ಷ ಆದ ಮೇಲೆ ಅವಳೇ ಹೇಳಿದ್ದು, ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು ಟೇಬಲ್ ಬಿಟ್ಟು ಎದ್ದು ಹೋಗ್ತಿದ್ಲಂತೆ. ನಾನು ಬೈದದ್ದು ಈಗಲೂ ಚುಚ್ಚುತ್ತೆ.

ಕುಡ್ಲದ_ಕಡಲು
ಅಕ್ಕ, ನಮ್ಮ ಮನೆಯಲ್ಲೂ ಇದೇ ಕಥೆ. ನೀರುದೋಸೆ ತಗೊಂಡು ಹೋಗುವುದಿಲ್ಲ.

ವಕೀಲ_ಹುಬ್ಬಳ್ಳಿ
ನಮ್ಮ ದೇಶದ್ದೂ ಒಂದ್ ಹೇಳ್ತೀನಿ, ಇದಕ್ಕ ಸಂಬಂಧ ಅದ. ಕೇರಳದಾಗ 1985ರಾಗ ಮೂರು ಮಕ್ಕಳನ್ನ ರಾಷ್ಟ್ರಗೀತೆ ಹಾಡಲಿಲ್ಲಂತ ಶಾಲೆಯಿಂದ ಹೊರಗ ಹಾಕಿದ್ರು. ಯೆಹೋವನ ಸಾಕ್ಷಿಗಳು ಅವ್ರು, ಗೌರವದಿಂದ ಎದ್ದು ನಿಲ್ತಿದ್ರು, ಹಾಡ್ತಿರಲಿಲ್ಲ ಅಷ್ಟ. ಹೈಕೋರ್ಟ್ ಏಕಸದಸ್ಯ ಪೀಠದಾಗ ಸೋಲು, ವಿಭಾಗೀಯ ಪೀಠದಾಗೂ ಸೋಲು. 1986ರ ಆಗಸ್ಟ್‌ನಾಗ ಸುಪ್ರೀಂ ಕೋರ್ಟ್ ಮಕ್ಕಳನ್ನ ವಾಪಸ್ ಸೇರಿಸ್ಕೊಳ್ರಿ ಅಂತು. ಬಿಜೊ ಇಮ್ಯಾನ್ಯುಯೆಲ್ ಕೇಸು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರು ಆ ತೀರ್ಪಿನ್ಯಾಗ ಅಮೆರಿಕದ 1943ರ ಬಾರ್ನೆಟ್ ತೀರ್ಪನ್ನ ಚರ್ಚಿಸ್ಯಾರ. ಅದೂ ಶಾಲಾಮಕ್ಕಳದ್ದ, ಧ್ವಜವಂದನೆ ವಿಷಯ. ಅಲ್ಲಿಯ ಮಕ್ಕಳು ಗೆದ್ದದ್ದು ಇಲ್ಲಿಯ ಮಕ್ಕಳ ಕೈ ಹಿಡೀತು ನೋಡ್ರಿ.

ಅನುಭವಿ_ನ್ಯೂಜೆರ್ಸಿ
ಎಲ್ಲರೂ ಗೆದ್ದ ಕೇಸುಗಳನ್ನೇ ಹೇಳ್ತಿದೀರಿ. ಅರಿಝೋನಾದ 2009ರ ರೆಡ್ಡಿಂಗ್ ಕೇಸು ಹೇಳಿ. 13 ವರ್ಷದ ಹುಡುಗಿಯನ್ನ ಐಬುಪ್ರೊಫೆನ್ ಮಾತ್ರೆಗೋಸ್ಕರ ಬಟ್ಟೆ ಬಿಚ್ಚಿಸಿ ಶೋಧಿಸಿದ್ರು. ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟು 8-1ರಲ್ಲಿ ಹೇಳ್ತು, ಆದ್ರೂ ಅಧಿಕಾರಿಗಳಿಗೆ ಇಮ್ಯೂನಿಟಿ ಕೊಟ್ಟು ಬಿಟ್ಟುಬಿಡ್ತು. ಆಗ ಕಾನೂನು ಸ್ಪಷ್ಟವಾಗಿರಲಿಲ್ಲ ಅಂತ. ಅಷ್ಟು ಘೋರದ್ದಕ್ಕೇ ಹೀಗಾದ್ರೆ, 8 ದಿನದ ಸಸ್ಪೆನ್ಷನ್ನಿಗೆ?

ಕಾನೂನು_ವಿದ್ಯಾರ್ಥಿ_ಮಂಡ್ಯ
ಒಳ್ಳೆ ಪ್ರಶ್ನೆ ಅಂಕಲ್, ಇದರ ಉತ್ತರದಲ್ಲೇ ಇವರ ಬಲ ಇದೆ. ಅಧಿಕಾರಿ ಆ ಕೆಲಸ ಮಾಡಿದ ಹೊತ್ತಿಗೆ ಹಕ್ಕು ಸ್ಪಷ್ಟವಾಗಿ ಸ್ಥಾಪಿತವಾಗಿತ್ತಾ ಅನ್ನೋದೇ ಇಮ್ಯೂನಿಟಿಯ ಪ್ರಶ್ನೆ. ಸಸ್ಪೆಂಡ್ ಮಾಡೋ ಮುಂಚೆ ಆರೋಪ ಏನು ಅಂತ ಹೇಳಬೇಕು, ಹುಡುಗ ಅಲ್ಲಗಳೆದ್ರೆ ಆಧಾರ ಹೇಳಬೇಕು, ಅವನ ಮಾತು ಕೇಳಬೇಕು. ಇದು 1975ರ ಗಾಸ್ ವಿರುದ್ಧ ಲೋಪೆಝ್. ಆ ಕೇಸು ಬಂದದ್ದು ಎಲ್ಲಿಂದ ಗೊತ್ತಾ? ಓಹಾಯೋದ ಕೊಲಂಬಸ್ಸಿಂದ! 10 ದಿನದವರೆಗಿನ ಸಸ್ಪೆನ್ಷನ್ನಿಗೇ ಹೇಳಿದ ಮಾತು ಅದು. ಆ ರಾಜ್ಯದ ವೈಸ್ ಪ್ರಿನ್ಸಿಪಾಲರು ನನಗೆ ಗೊತ್ತಿರಲಿಲ್ಲ ಅನ್ನೋಕೆ ಹೇಗೆ ಆಗುತ್ತೆ?

ಇನ್ನೊಂದು: ದೂರಿನ ಹಂತದಲ್ಲೇ ಇಮ್ಯೂನಿಟಿ ಕೊಟ್ಟು ವಜಾ ಮಾಡೋದು ಸಾಮಾನ್ಯವಾಗಿ ಸರಿಯಲ್ಲ ಅಂತ ಸಿಕ್ಸ್ತ್ ಸರ್ಕ್ಯೂಟೇ 2015ರ ವೆಸ್ಲಿ ವಿರುದ್ಧ ಕ್ಯಾಂಬೆಲ್‌ನಲ್ಲಿ ಹೇಳಿದೆ. ಕೆಂಟಕಿಯ ಶಾಲೆಯೊಂದರ ಕೌನ್ಸೆಲರ್ ಒಬ್ಬರು ಪೊಲೀಸ್ ಅಧಿಕಾರಿಯ ಮೇಲೆ ಹಾಕಿದ್ದ ಕೇಸು. ಅಲ್ಲೂ ಕೆಳಗೆ ವಜಾ, ಮೇಲೆ ವಾಪಸ್.

ತುಂಗಾ_ದಡ
ಮಂಡ್ಯ ತಮ್ಮ, ಒಳ್ಳೆ ಮಾತು, ಆದ್ರೆ ಅತಿ ಭರವಸೆ ಬೇಡ. ಗಾಸ್ ಕೇಳೋದು ಬಹಳ ಕಡಿಮೆ. ಕೋಣೆಯಲ್ಲಿ ಎರಡು ನಿಮಿಷ "ಇದು ನೀನು ಬರೆದದ್ದಾ? ಏನು ಹೇಳ್ತೀಯ?" ಅಂತ ಕೇಳಿದ್ರೂ ಸಾಕಾಗಬಹುದು. ಓಹಾಯೋ ಅಪ್ಪ, ಆ ದಿನ ಕೋಣೆಯಲ್ಲಿ ನಿಖರವಾಗಿ ಏನಾಯ್ತು? ದೂರಿನಲ್ಲಿ ಅದನ್ನ ಹೇಗೆ ಬರೆದಿದೆ?

ಓಹಾಯೋ_ಅಪ್ಪ
ಈಗ ತೆಗೆದು ನೋಡಿದೆ. 47ನೇ ಪ್ಯಾರಾದಲ್ಲಿದೆ. ಅವನು ಒಳಗೆ ಹೋದಾಗ ಕಾಗದ ಆಗಲೇ ಪ್ರಿಂಟ್ ಆಗಿ, ಸಹಿ ಆಗಿ ಟೇಬಲ್ ಮೇಲಿತ್ತು. "ನಾನು ಹೇಳಬಹುದಾ" ಅಂತ ಕೇಳಿದ್ದಕ್ಕೆ "ನಿಮ್ಮ ಅಮ್ಮ ಕೆಳಗೆ ಕಾಯ್ತಿದಾರೆ, ಬ್ಯಾಗ್ ತಗೋ" ಅಂದ್ರು. ಜಡ್ಜು ತೀರ್ಪಲ್ಲಿ ಇದನ್ನ "ಭೇಟಿ ನಡೆದಿತ್ತು" ಅಂತ ಒಂದೇ ಸಾಲಲ್ಲಿ ದಾಟಿಸಿದಾರೆ.

ತುಂಗಾ_ದಡ
ಸಹಿ ಆಗಿದ್ದ ಕಾಗದ. ಅದು ದೂರಿನಲ್ಲಿ ಇದೆ ಅಂದ್ರೆ ಅಪೀಲು ಕೋರ್ಟು ಅದನ್ನ ನಿಜ ಅಂತಲೇ ಓದಬೇಕು. ಅಪೀಲು ವಕೀಲರ ಹತ್ತಿರ ಹೋದಾಗ ಮೊದಲು 47ನೇ ಪ್ಯಾರಾ ತೋರಿಸಿ, ಆಮೇಲೆ ಉಳಿದದ್ದು.

ಕಾನೂನು_ವಿದ್ಯಾರ್ಥಿ_ಮಂಡ್ಯ
ಮೈ ಝುಂ ಅಂತು. ಜೊತೆಗೆ 2021ರ ಮಹನಾಯ್ ಕೇಸು: ಪೆನ್ಸಿಲ್ವೇನಿಯಾದ ಹುಡುಗಿ ಶನಿವಾರ ಶಾಲೆಯ ಹೊರಗೆ ಸ್ನ್ಯಾಪ್‌ಚಾಟಲ್ಲಿ ಬೈಗುಳ ಹಾಕಿದ್ದಕ್ಕೆ ಶಿಕ್ಷೆ ಕೊಟ್ಟದ್ದು ತಪ್ಪು, 8-1. ಎಲ್ಲಿ ಗೆರೆ ಅಂತ ಕೋರ್ಟು ಪೂರ್ತಿ ಎಳೆದಿಲ್ಲ, ಅದಕ್ಕೇ ಗಾಸ್ ಮೊದಲು, ಇದು ಎರಡನೇದು. ಹಲವು ಲಾ ಸ್ಕೂಲುಗಳಲ್ಲಿ ಅಪೀಲು ಕ್ಲಿನಿಕ್ ಇವೆ. ಪ್ರೊಫೆಸರ್ ಕೈಕೆಳಗೆ ವಿದ್ಯಾರ್ಥಿಗಳು ಉಚಿತವಾಗಿ ಮಾಡ್ತಾರೆ, ಇಂಥ ಕೇಸು ಅವರಿಗೆ ಇಷ್ಟ. ಇವತ್ತೇ ಇಮೇಲ್ ಮಾಡಿ. ತೀರ್ಪು ಮತ್ತು ದೂರು ಎರಡನ್ನೂ ಲಗತ್ತಿಸಿ.

ನಿವೃತ್ತ_ಮೇಷ್ಟ್ರು
ಇಷ್ಟೆಲ್ಲ ಹೇಳಿದೆವು, ಹುಡುಗನನ್ನು ಯಾರಾದರೂ ಕೇಳಿದಿರಾ? ಕೇಸು ಅವನದು. ಅವನಿಗೆ ಬೇಡವಾದರೆ ಅಪ್ಪನ ನಿದ್ದೆಗೋಸ್ಕರ ಇನ್ನೆರಡು ವರ್ಷ ಅವನನ್ನು ಆ ಕೋಣೆಯಲ್ಲೇ ನಿಲ್ಲಿಸಬಾರದು. ಕಟುವಾಯಿತೇನೋ, ಆದರೂ ಹೇಳಬೇಕಾದ ಮಾತು.

ಅನುಭವಿ_ನ್ಯೂಜೆರ್ಸಿ
ಮೇಷ್ಟ್ರ ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಹುಡುಗ ಹೂಂ ಅಂದ್ರೆ ನಾನೂ ಹೂಂ ಅಂತೀನಿ.

ಓಹಾಯೋ_ಅಪ್ಪ
ಮೇಷ್ಟ್ರೇ, ಕೇಳಿರಲಿಲ್ಲ. ನಿನ್ನೆ ರಾತ್ರಿ ಕೇಳಿದೆ. ತೀರ್ಪನ್ನ ಅವನೇ ಇಡೀ ಓದಿದಾನೆ, ನನಗೇ ಗೊತ್ತಿರಲಿಲ್ಲ. "ಅಪ್ಪ, ಅವರು ನನ್ನ ಮಾತು ಕೇಳಿದ್ರು ಅನ್ನೋ ಹಾಗೆ ಬರೆದಿದೆಯಲ್ಲ, ಅದೊಂದು ಸುಳ್ಳು, ಅದನ್ನ ಹಾಗೇ ಬಿಡಬೇಡ" ಅಂದ. ದುಡ್ಡು ಬೇಡವಂತೆ. ರೆಕಾರ್ಡಿಂದ ಸಸ್ಪೆನ್ಷನ್ ತೆಗೆಯಬೇಕಂತೆ. ಹೆಂಡತಿಯೂ ಅಲ್ಲೇ ಕೂತಿದ್ಲು, ಆಮೇಲೆ ಬೇಡ ಅನ್ನಲಿಲ್ಲ.

ಬೆಂಗಳೂರು_ಟು_ಡಲಾಸ್
ನಿಮ್ಮ ಮಗ ನಮಗೆಲ್ಲ ಪಾಠ ಹೇಳಿದ. ಬೇಗ ಹಾಕಿಸಿ.

ಓಹಾಯೋ_ಅಪ್ಪ
ಅಪ್‌ಡೇಟ್. 23ನೇ ದಿನ ನಮ್ಮ ವಕೀಲರೇ ನೋಟಿಸ್ ಹಾಕಿದ್ರು. ಮೂರೂ ಜನರ ಹೆಸರಿದೆ, ನಾನೇ ಎರಡು ಸಲ ಓದಿ ನೋಡಿದೆ. 605 ಡಾಲರ್ ಕಟ್ಟಿದೀವಿ. ಒಂದು ಲಾ ಸ್ಕೂಲ್ ಕ್ಲಿನಿಕ್‌ನಿಂದ ಉತ್ತರ ಬಂದಿದೆ, ಮುಂದಿನ ವಾರ ಮಾತಾಡ್ತಾರಂತೆ. ಸಿಕ್ಸ್ತ್ ಸರ್ಕ್ಯೂಟಿನ ಮೀಡಿಯೇಶನ್ ಆಫೀಸಿಂದ ಫೋನ್ ಬರಬಹುದು ಅಂದ್ರು ವಕೀಲರು. ಅಂದ್ರೆ ರಾಜಿಗೆ ಒಪ್ಪಲೇಬೇಕಾ?

ತುಂಗಾ_ದಡ
ಬಹಳ ಸಂತೋಷ ಆಯ್ತು! ಇಲ್ಲ, ಒಪ್ಪಲೇಬೇಕಿಲ್ಲ. ಕರೆದ್ರೆ ಭಾಗವಹಿಸಬೇಕು ಅಷ್ಟೇ, ಅಲ್ಲಿ ಆಡಿದ ಮಾತು ಜಡ್ಜುಗಳಿಗೆ ಹೋಗಲ್ಲ. ನಿಮ್ಮ ಮಗನಿಗೆ ಬೇಕಾದ್ದು ರೆಕಾರ್ಡ್ ತಿದ್ದೋದಾದ್ರೆ, ಅದು ಅಲ್ಲೇ ಸಿಕ್ಕರೂ ಸಿಗಬಹುದು. ಶಾಲೆಯವರಿಗೆ ಒಂದು ಕಾಗದ ತೆಗೆಯೋದು ಎರಡು ವರ್ಷದ ವ್ಯಾಜ್ಯಕ್ಕಿಂತ ಅಗ್ಗ. ಸಿಗದಿದ್ರೆ ಬ್ರೀಫು: ಸಾಮಾನ್ಯ ನಿಯಮದಲ್ಲಿ ಕಡತ ಸಲ್ಲಿಕೆಯಾದ ಮೇಲೆ 40 ದಿನ, 13,000 ಪದಗಳ ಮಿತಿ. ಆದ್ರೆ ಕೋರ್ಟು ಕಳಿಸೋ ವೇಳಾಪಟ್ಟಿಯಲ್ಲಿ ಯಾವ ತಾರೀಖಿದೆಯೋ ಅದೇ ಕೊನೆ ಮಾತು, ಅದನ್ನ ಫ್ರಿಜ್ ಮೇಲೆ ಅಂಟಿಸಿ.

ಹಾಸನದ_ಹೇಮಾ
ಮಗನಿಗೆ ನಮ್ಮೆಲ್ಲರ ಕಡೆಯಿಂದ ಹೇಳಿ. ಮತ್ತೆ ಆ ಮೀಡಿಯೇಶನ್ ಫೋನ್ ಬಂದ ಮೇಲೆ ಇಲ್ಲೇ ಬರೆಯಿರಿ, ಮರೀಬೇಡಿ.

ಓಹಾಯೋ_ಅಪ್ಪ
ಖಂಡಿತ ಬರೀತೀನಿ ಅಕ್ಕ.